ಐದೈದರ ಮರ್ಯಾದೆ

ಎಷ್ಟು ಉಜ್ಜಿದರೂ ಹಿಮ್ಮಡಿಯ ಬಿರುಕುಗಳಲ್ಲಿದ್ದ ಸುಣ್ಣ ಹೋಗಲಿಲ್ಲ. ಸಹನಾ ಇನ್ನೊಂದು ಚೊಂಬು ಬಿಸಿನೀರು ಹೊಯ್ದು ತೆಂಗಿನ ನಾರಿನಿಂದ ಮತ್ತೆ ತಿಕ್ಕಿದಳು. ಬೆರಳ ಸಂದಿಯ ಕೆಮ್ಮಣ್ಣು ಕರಗಿ ಹರಿಯಿತು, ಸುಣ್ಣ ಮಾತ್ರ ಗೆರೆ ಗೆರೆಯಾಗಿ ಹಾಗೇ ಉಳಿಯಿತು. ಅಪ್ಪನ ಬೆನ್ನಿಗೆ ಎದೆ ಕೊಟ್ಟು ಕೂತು ಹೆಣವನ್ನು ಹಲಗೆಯ ಮೇಲೆ ನೆಟ್ಟಗೆ ಹಿಡಿದಿದ್ದ ತಮ್ಮ ಅಂಬರೀಶ್, "ಸಾಕು ಬುಡಕ್ಕ, ಅದು ಹೋಗಾದಲ್ಲ" ಅಂದ. ಗೋಡೆಗೊರಗಿ ಕೂತಿದ್ದ ತಾಯಿ ದಾಸಮ್ಮನೂ ಅದನ್ನೇ ಹೇಳಿದಳು. ಬದುಕಿದ್ದಾಗ ಹೋಗದ್ದು ಈಗ ಹೋಗುತ್ತದೆಯೇ, ಆ ಕಾಲಲ್ಲೇ ನನ್ನ ಚಾಪೆಯೆಲ್ಲ ಬಿಳಿ ಮಾಡಿಟ್ಟ ಮನುಷ್ಯ, ಹಾಗೇ ಹೋಗಲಿ ಬಿಡಿ ಅಂದಳು.

ಸಹನಾ ನಾರು ಕೆಳಗಿಟ್ಟಳು. ಅವಳಿಗೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಪ್ಪ ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು, ಟೆನಿಸ್ ಕೋರ್ಟಿನ ಮೇಲೆ ಕೊನೆಯ ಸಲ ಕಾಲಿಟ್ಟೂ ಅಷ್ಟೇ ದಿನವಾಗಿತ್ತು. ಈ ನಾಲ್ಕು ತಿಂಗಳೂ ವಾರಕ್ಕೆರಡು ಸಲ ತಾನಿರುವ ಕೊಳಾಲದಿಂದ ಬಂದು ತಾನೇ ಕಾಲು ತೊಳೆದಿದ್ದಾಳೆ. ಆದರೂ ಸುಣ್ಣ ಹೊಸದಾಗಿ ಮೆತ್ತಿಕೊಂಡ ಹಾಗಿತ್ತು.

ಚಿಕ್ಕನರಸಯ್ಯ ಭಾನುವಾರ ಬೆಳಗಿನ ಜಾವ ಹೋಗಿದ್ದ. ವಯಸ್ಸು ಎಪ್ಪತ್ನಾಲ್ಕು. ಸಾಯುವಂಥ ಕಾಯಿಲೆ ಏನೂ ಇರಲಿಲ್ಲ, ಬದುಕುವಂಥ ಹುರುಪೂ ಇರಲಿಲ್ಲ. ಕಾಲೋನಿಯ ಹೆಂಗಸರು ಅವನನ್ನು ಮಾರ್ಕರಣ್ಣ ಅಂತಲೇ ಕರೆದು ಅತ್ತರು. ಎಷ್ಟೋ ಮಂದಿಗೆ ಅವನ ನಿಜವಾದ ಹೆಸರು ಗೊತ್ತಾದದ್ದು ಅಂಬರೀಶ್ ಬರೆಸಿ ತಂದ ಬ್ಯಾನರಿನಿಂದ.

ಮಧುಗಿರಿಯ ಬೆಟ್ಟ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದರ ನೆರಳಲ್ಲೇ ನೂರು ವರ್ಷ ದಾಟಿದ ಒಂದು ಟೆನಿಸ್ ಕ್ಲಬ್ಬಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಾಗಲಿ ಎಂದು ಕ್ಲಬ್ಬಿನವರಿಗೂ ಆಸೆಯಿಲ್ಲ. ಗೇಟಿನ ಕಲ್ಲುಕಂಬದ ಮೇಲೆ ಫೋರ್ಟ್ ಟೆನಿಸ್ ಕ್ಲಬ್ ಎಂದು ಕೆತ್ತಿದೆ, ಕೆಳಗೆ ೧೯೧೩ ಎಂದಿದೆ. ಯಾರೋ ಒಬ್ಬ ಅಮಲ್ದಾರ ಸಂಜೆ ಹೊತ್ತು ಹೋಗದೆ, ಕೆರೆಯ ಗೋಡುಮಣ್ಣು ಹೊರಿಸಿ ಒಂದು ಮಣ್ಣಿನ ಕೋರ್ಟು ಮಾಡಿಸಿದನಂತೆ. ಆಮೇಲೆ ಹೆಂಚಿನ ಇಸ್ಪೀಟು ಕೋಣೆ ಬಂತು, ವರಾಂಡದಲ್ಲಿ ಟೇಬಲ್ ಟೆನಿಸ್ ಮೇಜು ಬಂತು, ಶಟಲ್ ಆಡಲು ತಗಡಿನ ಶೆಡ್ಡು ಬಂತು. ಈಚೆಗೆ ಜಿಮ್ಮು, ಸಿಂಥೆಟಿಕ್ ಕೋರ್ಟು, ಅದಕ್ಕೆ ಕಣ್ಣು ಕುಕ್ಕುವ ದೀಪಗಳೂ ಬಂದಿವೆ. ಅಮಲ್ದಾರರು ಹೋಗಿ ತಹಸೀಲ್ದಾರರು ಬಂದರು. ಮಣ್ಣಿನ ಕೋರ್ಟು ಬದಲಾಗಲಿಲ್ಲ, ಅದಕ್ಕೆ ಮಣ್ಣು ಹೊರುವ ಜಾತಿಯೂ ಬದಲಾಗಲಿಲ್ಲ.

ಹನ್ನೆರಡನೇ ವಯಸ್ಸಿಗೆ ಚೆಂಡು ಹೆಕ್ಕಲು ಸೇರಿದ ಚಿಕ್ಕನರಸಯ್ಯ ಇಪ್ಪತ್ತು ತುಂಬುವುದರೊಳಗೆ ಮಾರ್ಕರ್ ಆದ. ಮಾರ್ಕರ್ ಅಂದರೆ ಕೋರ್ಟು ನೋಡಿಕೊಳ್ಳುವವನು, ಜೊತೆಗೆ ಯಾರೂ ಸಿಗದ ದಿನ ಮೆಂಬರ್‌ಗೆ ಎದುರು ನಿಂತು ಆಡುವವನೂ ಅವನೇ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಕೋರ್ಟಿಗೆ ಹುತ್ತದ ಮಣ್ಣು ಬೇಕು, ಅಷ್ಟು ನುಣ್ಣಗೆ ಕೂರುವ ಮಣ್ಣು ಬೇರೆ ಇಲ್ಲ. ಸಿದ್ದರಬೆಟ್ಟದ ಕಡೆಯ ಕುರುಚಲಲ್ಲಿ ಹಾಳು ಹುತ್ತ ಹುಡುಕಿ, ಮೊದಲು ಹಾಲೆರೆದು ಕೈಮುಗಿದು, ಆಮೇಲೆ ಗುದ್ದಲಿ ಹಾಕುತ್ತಿದ್ದ. ನಾಗಪ್ಪನ ಮನೆ ಕಿತ್ತು ಸಾಹೇಬರ ಕಾಲಡಿಗೆ ಹಾಸುತ್ತೀಯಲ್ಲ, ಶಾಪ ಸುಮ್ಮನೆ ಬಿಡುತ್ತದೆಯೇ ಎಂದು ದಾಸಮ್ಮ ಬೈಯುತ್ತಿದ್ದಳು. ತಟ್ಟಿದರೆ ನನಗೊಬ್ಬನಿಗೆ ತಟ್ಟಲಿ ಬಿಡು ಅನ್ನುತ್ತಿದ್ದ. ಜರಡಿ ಹಿಡಿದು, ನೀರು ಹಾಕಿ, ಕಲ್ಲಿನ ರೋಲರ್ ಎಳೆದು, ಸಗಣಿ ಬಗ್ಗಡ ಬಳಿದು, ಕೊನೆಗೆ ಹುರಿ ಕಟ್ಟಿ ಸುಣ್ಣದ ಗೆರೆ ಎಳೆಯುತ್ತಿದ್ದ.

ಇಷ್ಟೆಲ್ಲ ಮಾಡಿ ಆಡಲು ನಿಂತರೆ ಅವನು ಸೋಲಬೇಕಿತ್ತು. ಅದು ಬರೆದಿಟ್ಟ ಕಾನೂನಲ್ಲ, ನೂರು ವರ್ಷದ ರೂಢಿ. ಟೆನಿಸ್ಸಿನಲ್ಲಿ ಆರು ಗೇಮು ಮೊದಲು ಗೆದ್ದವನದು ಸೆಟ್ಟು. ಐದು ಐದು ಸಮವಾದರೆ ಮುಂದಿನ ಎರಡು ಗೇಮು ಗೆಲ್ಲಬೇಕು. ಮಾರ್ಕರ್ ಆದವನು ಆಟವನ್ನು ಐದೈದರವರೆಗೆ ತರಬೇಕು, ಅಲ್ಲಿಂದಾಚೆಗೆ ಎರಡು ಗೇಮು ಬಿಟ್ಟುಕೊಡಬೇಕು. ಸುಲಭವಾಗಿ ಸೋತರೆ ಮೆಂಬರ್‌ಗೆ ಗೆದ್ದ ರುಚಿ ಇರುವುದಿಲ್ಲ, ಗೆದ್ದುಬಿಟ್ಟರೆ ಮಾರ್ಕರ್‌ಗೆ ಕೆಲಸ ಇರುವುದಿಲ್ಲ. ಇದಕ್ಕೆ ಕ್ಲಬ್ಬಿನಲ್ಲಿ ಐದೈದರ ಮರ್ಯಾದೆ ಅಂತ ಹೆಸರು. ಯಾರ ಮರ್ಯಾದೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಸಹನಾ ಈಗ ಪಿ.ಟಿ. ಮೇಡಂ. ಬೇಕೆಂದೇ ಸೋಲುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಥ್ರೋಬಾಲ್ ಆಡುವ ಹುಡುಗಿಯರಿಗೆ ಅವಳು ಕಲಿಸುವ ಮೊದಲ ಪಾಠವೇ ಅದು. ಅಪ್ಪನ ಕಾಲಿಗೆ ಬಟ್ಟೆ ಹೊದಿಸುವಾಗಲೂ ಅವಳ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಈ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲವಾದರೂ ನಿಜವಾಗಿ ಆಡಿದ್ದನೇ? ಬದುಕಿದ್ದಾಗ ಕೇಳಲು ಬಾಯಿ ಬರಲಿಲ್ಲ. ಇವತ್ತು ಮಣ್ಣು ಮುಚ್ಚುವುದರೊಳಗೆ ಯಾರಾದರೂ ಹೇಳದಿದ್ದರೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ ಅನ್ನಿಸಿತು.

*

ತೊಂಬತ್ತಾರನೇ ಇಸವಿ. ಸಹನಾಳಿಗೆ ಹನ್ನೊಂದು ವರ್ಷ. ನಮ್ಮಪ್ಪ ಟೆನಿಸ್ ಆಡುತ್ತಾನೆ, ಬಿಳಿ ಚಡ್ಡಿ ಹಾಕಿಕೊಂಡು ಆಫೀಸರುಗಳ ಜೊತೆ ಆಡುತ್ತಾನೆ ಎಂದು ಸ್ಕೂಲಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಯಾರೂ ನಂಬದಿದ್ದಾಗ ಒಂದು ಸಂಜೆ ಇಬ್ಬರು ಗೆಳತಿಯರನ್ನು ಕರೆದುಕೊಂಡು ಹೋಗಿ, ಕಾಂಪೌಂಡಿನ ಪಕ್ಕದ ಹುಣಸೆಮರದ ಬೇರಿನ ಮೇಲೆ ನಿಲ್ಲಿಸಿ ತೋರಿಸಿದಳು.

ಎದುರಿಗೆ ಒಬ್ಬ ಇಂಜಿನಿಯರ್ ಇದ್ದ, ಹೊಟ್ಟೆ ಬೆಳೆಸಿದವನು. ಚೆಂಡು ಎರಡು ಮಾರು ದೂರ ಬಿದ್ದರೆ ಓಡುತ್ತಿರಲಿಲ್ಲ. ಅಪ್ಪ ಅವನು ನಿಂತಲ್ಲಿಗೇ ಚೆಂಡು ಕಳಿಸುತ್ತಿದ್ದ, ಊಟ ಬಡಿಸಿದಷ್ಟು ಜೋಪಾನವಾಗಿ. ನಡುನಡುವೆ ಒಂದೊಂದು ಏಟು ಹೊಡೆದಾಗ ಗೆಳತಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಚೆಂಡು ಸುಣ್ಣದ ಗೆರೆಯ ಮೇಲೆ ಬಿದ್ದು ಬಿಳಿ ಪುಡಿ ಹಾರುತ್ತಿತ್ತು. ಸಹನಾಳಿಗೆ ಎದೆಯೆಲ್ಲ ಉಬ್ಬಿಹೋಯಿತು. ಐದು ಐದು ಆಯಿತು. ಆಮೇಲೆ ಅಪ್ಪನಿಗೆ ಏನೋ ಆದ ಹಾಗಾಯಿತು. ಹೊಡೆದದ್ದೆಲ್ಲ ನೆಟ್ಟಿಗೆ. ಎತ್ತಿದ್ದೆಲ್ಲ ಹೊರಗೆ. ಕೊನೆಯ ಚೆಂಡು ಕಾಲ ಹತ್ತಿರವೇ ಬಿದ್ದರೂ ಎಡವಿದವನ ಹಾಗೆ ನಿಂತುಬಿಟ್ಟ. ಇಂಜಿನಿಯರ್ ಟವೆಲ್ಲಿನಿಂದ ಬೆವರೊರೆಸಿಕೊಂಡು, ಇವತ್ತು ಬೆವರಿಳಿಸಿಬಿಟ್ಟೆಯಲ್ಲಯ್ಯ ಎಂದು ಬೆನ್ನು ತಟ್ಟಿದ. ಅಪ್ಪ ತಲೆ ತಗ್ಗಿಸಿ ನಕ್ಕ. ಆ ನಗು ಸಹನಾಳಿಗೆ ಇವತ್ತಿಗೂ ಸಹಿಸಲಾಗದ್ದು. ಗೆಳತಿಯರು ಕಿಸಕ್ಕೆಂದರು.

ಮನೆಗೆ ಬರುವ ದಾರಿಯಲ್ಲಿ ಅವಳು ಅಪ್ಪನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಅವನು ಒಂದೆರಡು ಸಲ ಕರೆದ. ಕಾಲೋನಿಯ ಬೋರ್‌ವೆಲ್ ಹತ್ತಿರ ಬಂದಾಗ ಅವಳು ತಿರುಗಿ ನಿಂತಳು.

"ಸೋಲಕ್ಕೆ ಸಂಬಳ ತಗತೀಯ ನೀನು. ಇನ್ಮ್ಯಾಕೆ ನಿನ್ನಾಟ ನೋಡಕ್ಕೆ ನಾನು ಬರಲ್ಲ."

ಚಿಕ್ಕನರಸಯ್ಯ ಬೋರ್‌ವೆಲ್ ಕೆಳಗೆ ಕಾಲು ತೊಳೆದುಕೊಳ್ಳಲು ನಿಂತ. ಅವಳು ಮನೆಗೆ ಬಂದು, ಉಂಡು ಮಲಗಿ ಅರೆನಿದ್ದೆಯಾದರೂ ಅವನಿನ್ನೂ ಬಂದಿರಲಿಲ್ಲ.

ಅದೇ ಸುಮಾರಿಗೆ ಅಪ್ಪ ಆಡುವುದನ್ನು ಬಿಟ್ಟ. ಮಂಡಿ ನೋವು ಅಂದ. ಅವನ ಬಿಳಿ ಚಡ್ಡಿಯನ್ನು ದಾಸಮ್ಮ ಅಂಬರೀಶನಿಗೆ ಹಿಡಿಸಿ ಹೊಲಿದುಕೊಟ್ಟಳು. ಮಂಡಿ ನೋವಿನವನು ಇಪ್ಪತ್ತೆಂಟು ವರ್ಷ ಆ ಕಲ್ಲಿನ ರೋಲರನ್ನು ಹೇಗೆ ಎಳೆದ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಸಹನಾಳೂ ಕೇಳಲಿಲ್ಲ.

*

ಹನ್ನೊಂದು ಗಂಟೆಗೆ ನಾಗಲಿಂಗಯ್ಯ ಆಟೋದಲ್ಲಿ ಬಂದು ಕಾಲೋನಿಯ ಹೊರಗೇ ಇಳಿದ. ನಿವೃತ್ತ ಸಬ್ ರಿಜಿಸ್ಟ್ರಾರ್, ಎಪ್ಪತ್ತೆಂಟರ ಮುದುಕ. ಹದಿನೆಂಟು ವರ್ಷ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದವನು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸುಗಂಧರಾಜದ ಹಾರ. ಮೇಲುಜಾತಿಯ ಹಿರಿಯರೊಬ್ಬರು ಕಾಲೋನಿಯೊಳಗೆ ನಡೆದುಕೊಂಡು ಬಂದದ್ದಕ್ಕೆ ಜನ ತಾವಾಗೇ ದಾರಿ ಬಿಟ್ಟರು. ಪ್ಲಾಸ್ಟಿಕ್ ಕುರ್ಚಿ ಬಂತು. ಅವನು ಕೂರಲಿಲ್ಲ. ಹಾರ ಹಾಕಿ, ಹೆಣದ ಬಲಗೈಯನ್ನೇ ನೋಡುತ್ತ ನಿಂತ. ಜನ ಹಿಂದಿನಿಂದ ಒತ್ತರಿಸಿದ ಮೇಲೆ ಪಕ್ಕಕ್ಕೆ ಸರಿದ.

ಸಹನಾ ಅವನ ಬಳಿಗೆ ಹೋದಳು. ಇವನಿಗೆ ಗೊತ್ತಿರಬೇಕು, ಇವನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೂ ಗೊತ್ತಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಆದರೆ ಅವಳು ಬಾಯಿ ತೆರೆಯುವ ಮುಂಚೆ ಅವನೇ ಮಾತಿಗೆ ಶುರುಮಾಡಿದ. ಕ್ಲಬ್ಬಿನ ಚರಿತ್ರೆ ಬರೆಯುತ್ತಿದ್ದಾನಂತೆ, ಸ್ಮರಣ ಸಂಚಿಕೆ ಬರುತ್ತದಂತೆ, ಅದರಲ್ಲಿ ಚಿಕ್ಕನರಸಯ್ಯನ ಫೋಟೊ ಅರ್ಧ ಪುಟ ಇರುತ್ತದಂತೆ. ಈಗಿನ ಕಾರ್ಯದರ್ಶಿ ಅಂಜನ್ ಕುಮಾರ್ ಕೂಡ ಒಪ್ಪಿದ್ದಾನಂತೆ. ಇಷ್ಟನ್ನೂ ಅವನು ಅವಳ ಮುಖ ನೋಡದೆ, ಶಾಮಿಯಾನದ ಕಂಬಕ್ಕೆ ಹೇಳಿದ ಹಾಗೆ ಹೇಳಿದ. ಫೋಟೊ ಬೇಡ ಸಾರ್, ಒಂದು ಮಾತು ಕೇಳಬೇಕಿತ್ತು ಅಂದಳು ಸಹನಾ. ಆಮೇಲಮ್ಮ, ಆಮೇಲೆ ಎಂದು ಅವನು ಕನ್ನಡಕ ತೆಗೆದು ಒರೆಸತೊಡಗಿದ.

ಒಳಗೆ ದಾಸಮ್ಮ ಬಂದ ಹೆಂಗಸರಿಗೆ ಗಂಡನ ಕೊನೆಯ ದಿನಗಳ ಕತೆ ಹೇಳುತ್ತಿದ್ದಳು. ಮಧ್ಯಾಹ್ನ ಹೊತ್ತು ಮಲಗಿದರೆ ನಿದ್ದೆಯಲ್ಲೇ ಇಂಗ್ಲಿಷಿನಲ್ಲಿ ಲೆಕ್ಕ ಹೇಳುತ್ತಿದ್ದನಂತೆ. ಒನ್ ಆಲ್, ಟೂ ಆಲ್, ಹಾಗೇ ಫೈವ್ ಆಲ್‌ವರೆಗೆ. ಅಲ್ಲಿಗೆ ನಿಲ್ಲುತ್ತಿತ್ತಂತೆ. ಇವಳು ಸೌದೆ ಒಲೆಯ ಮುಂದೆ ಕೂತು, ಮುಂದಿನದು ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುತ್ತಿದ್ದಳಂತೆ. ಕೈ ಮಾತ್ರ ಹೊದಿಕೆಯೊಳಗೆ ಅತ್ತಿತ್ತ ಹೊರಳುತ್ತಿತ್ತಂತೆ. "ಕಣ್ ಬುಟ್ರೆ ಯಾರೋ ಎದ್ರಿಗೆ ನಿಂತವ್ರೆ ಅನ್ನಂಗೆ ನೋಡಾದು ಕಣಮ್ಮ. ನಾನು ತಿರುಗಿ ನೋಡುದ್ರೆ ಗ್ವಾಡೆ" ಅಂದಳು. ಹೆಂಗಸರಲ್ಲಿ ಒಬ್ಬಳು ಆ ಗೋಡೆಯ ಕಡೆ ನೋಡಿ, ಸೆರಗು ಹೊದ್ದುಕೊಂಡು ಸ್ವಲ್ಪ ಸರಿದು ಕೂತಳು.

ಎರಡು ಗಂಟೆಗೆ ಹೆಣ ಎತ್ತಿದರು. ದೊಡ್ಡಪ್ಪಂದಿರಿಗೆ ತಮಟೆ ಬೇಕಿತ್ತು, ಅಂಬರೀಶನಿಗೆ ಬುದ್ಧವಂದನೆ ಬೇಕಿತ್ತು, ಕೊನೆಗೆ ಎರಡೂ ಆಯಿತು. ಸ್ಮಶಾನಕ್ಕೆ ಹೋಗುವ ದಾರಿ ಕ್ಲಬ್ಬಿನ ಹಿಂಗೋಡೆಯ ಪಕ್ಕದಲ್ಲೇ ಹಾಯುತ್ತದೆ. ನಾಗಲಿಂಗಯ್ಯನನ್ನು ಆಟೋದಲ್ಲಿ ಬರಲು ಹೇಳಿದರೂ ಕೇಳದೆ, ಅವನು ಮಂದಿಯ ಜೊತೆ ಬಿಸಿಲಿನಲ್ಲಿ ನಡೆದ.

ಅರ್ಧ ದಾರಿಯಲ್ಲಿ ಚಟ್ಟವನ್ನು ಒಮ್ಮೆ ನೆಲಕ್ಕಿಳಿಸಿ, ತಲೆ ಕಾಲಿನ ದಿಕ್ಕು ಬದಲಿಸಿ ಮತ್ತೆ ಎತ್ತುವುದು ವಾಡಿಕೆ. ಸತ್ತವನಿಗೆ ಮನೆಯ ದಾರಿ ತಪ್ಪಲಿ ಎಂದು ಹಾಗೆ ಮಾಡುತ್ತಾರೆ. ಇಳಿಸುವ ಜಾಗ ಯಾರೂ ಬೇಕೆಂದು ಆರಿಸಿದ್ದಲ್ಲ, ಕ್ಲಬ್ಬಿನ ಗೋಡೆಯ ಪಕ್ಕಕ್ಕೇ ಬಂತು. ತಮಟೆ ನಿಂತಿತು. ಆ ನಿಶ್ಶಬ್ದದಲ್ಲಿ ಗೋಡೆಯ ಆಚೆಯಿಂದ ಸದ್ದು ಕೇಳಿತು. ಠಪ್. ಒಂದು ಉಸಿರಿನಷ್ಟು ಬಿಟ್ಟು ಮತ್ತೆ ಠಪ್. ಮತ್ತೆ ಅಷ್ಟೇ ಬಿಟ್ಟು ಮತ್ತೆ.

ಎಲ್ಲರಿಗೂ ಕೇಳಿಸಿತು. ತಮಟೆಯವನು ಎತ್ತಿದ ಕಡ್ಡಿಯನ್ನು ಹಾಗೇ ಹಿಡಿದು ನಿಂತ. ಇವತ್ತು ಕ್ಲಬ್ಬಿಗೆ ರಜೆ ಕೊಟ್ಟಿದ್ದೇವೆ, ಬೀಗ ಹಾಕಿ ಬೀಗದಕೈ ನಾನೇ ಇಟ್ಟುಕೊಂಡಿದ್ದೇನೆ ಎಂದು ಅಂಜನ್ ಕುಮಾರ್ ಮೆಲ್ಲಗೆ ಹೇಳಿದ, ಯಾರೂ ಕೇಳದಿದ್ದರೂ. ನೆಟ್ಟಿನ ಕಬ್ಬಿಣದ ಕಂಬಕ್ಕೆ ಸರಪಳಿ ಬಡಿಯುತ್ತಿರಬೇಕು ಅಂದ ಇನ್ನೊಬ್ಬ. ಇರಬಹುದು. ಗಾಳಿ ಮಾತ್ರ ಇರಲಿಲ್ಲ. ಚಟ್ಟ ತಿರುಗಿಸಿ ಎತ್ತುವವರೆಗೂ ಅದು ಕೇಳುತ್ತಲೇ ಇತ್ತು. ನಾಗಲಿಂಗಯ್ಯ ಗೋಡೆಗೆ ಕೈಕೊಟ್ಟು ನಿಂತಿದ್ದ. ಅವನ ತುಟಿಗಳು ಅಲ್ಲಾಡುತ್ತಿದ್ದವು. ದೇವರ ಹೆಸರು ಹೇಳುತ್ತಿದ್ದಾನೆ ಅಂದುಕೊಂಡು ಹತ್ತಿರ ಹೋದ ಸಹನಾಳಿಗೆ ಅವನು ಎಣಿಸುತ್ತಿರುವುದು ಕೇಳಿಸಿತು.

*

ಗುಂಡಿಗೆ ಇಳಿಸಿ ಆಯಿತು. ಅಂಬರೀಶ್ ಮೊದಲ ಹಿಡಿ ಮಣ್ಣು ಹಾಕಿದ. ದಾಸಮ್ಮ ಹಾಕಿದಳು, ಸಹನಾ ಹಾಕಿದಳು, ನೆಂಟರು ಸರದಿಯಲ್ಲಿ ಬಂದರು. ಕೊನೆಗೆ ನಾಗಲಿಂಗಯ್ಯ ಬಗ್ಗಿ ಮಣ್ಣು ತೆಗೆದುಕೊಂಡ. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಎದ್ದ. ಸಹನಾ ಅವನ ಎದುರಿಗೆ ಬಂದು ನಿಂತಳು.

"ಮಣ್ಣು ಆಮ್ಯಾಕೆ ಹಾಕಿ ಸಾರ್. ಮೊದ್ಲು ಒಂದ್ ಮಾತು ಹೇಳಿ. ನಮ್ಮಪ್ಪ ಒಂದ್ಸಲನಾರ ಗೆದ್ದಿದ್ನಾ?"

ನೆಂಟರು ಗುಸುಗುಟ್ಟಿದರು. ಅಂಬರೀಶ್ ಅಕ್ಕನ ತೋಳು ಹಿಡಿದ. ಅವಳು ಕೊಡವಿಕೊಂಡಳು. ನಾಗಲಿಂಗಯ್ಯ ಹಿಡಿ ಮಣ್ಣು ಹಿಡಿದುಕೊಂಡೇ ನಿಂತ. ಸಂಚಿಕೆ, ಅರ್ಧ ಪುಟ ಏನೂ ಅವನ ಬಾಯಿಗೆ ಬರಲಿಲ್ಲ.

"ಗೆದ್ದಿದ್ದ" ಅಂದ. "ನನ್ ಮೇಲೆ."

*

ತೊಂಬತ್ತಾರನೇ ಇಸವಿ ಎಂದು ಅವನು ಶುರುಮಾಡಿದ. ತಾರೀಖು ಕೂಡ ಹೇಳಿದ. ಬೆಳಗ್ಗೆ ಆರು ಗಂಟೆಗೆ ಅವನು ದಿನಾ ಆಡಲು ಬರುತ್ತಿದ್ದ, ಆ ಹೊತ್ತಿನಲ್ಲಿ ಮಾರ್ಕರ್ ಬಿಟ್ಟರೆ ಜೊತೆಗೆ ಯಾರೂ ಸಿಗುತ್ತಿರಲಿಲ್ಲ. ಆ ದಿನ ಚಿಕ್ಕನರಸಯ್ಯ ಕೋರ್ಟಿಗೆ ನೀರು ಚಿಮುಕಿಸಿ, ಗೆರೆ ಎಳೆದು, ಬಿಳಿ ಚಡ್ಡಿ ಹಾಕಿಕೊಂಡು ಕಾಯುತ್ತಿದ್ದ. ಇವತ್ತು ಐದೈದಕ್ಕೆ ನಿಲ್ಲಿಸುವುದು ಬೇಡ ಸಾರ್, ಸುಮ್ಮನೆ ಆಡೋಣ ಅಂದ. ನಾಗಲಿಂಗಯ್ಯನಿಗೆ ಆಗ ಐವತ್ತು ವರ್ಷ, ಜಿಲ್ಲಾ ಮಟ್ಟದಲ್ಲಿ ಎರಡು ಕಪ್ಪು ಗೆದ್ದವನು, ತನ್ನ ಆಟದ ಮೇಲೆ ಅವನಿಗೆ ತುಂಬ ಅಭಿಮಾನ. ಅದಕ್ಕೇನಂತೆ, ಬಾ ಅಂದ. ತಮಾಷೆ ಅನ್ನಿಸಿತ್ತು.

ಮೊದಲ ಗೇಮಿನಲ್ಲೇ ತಮಾಷೆ ಮುಗಿಯಿತು. ಇಪ್ಪತ್ತು ವರ್ಷದಿಂದ ತನ್ನ ಎದುರು ನಿಂತವನು ಇವನಲ್ಲ, ಬೇರೆ ಯಾರೋ ಅನ್ನಿಸಿತು. ಚೆಂಡು ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುವುದರೊಳಗೆ ಸುಣ್ಣ ಹಾರಿರುತ್ತಿತ್ತು. ಅವನು ಒಂದು ಮಾತೂ ಆಡಲಿಲ್ಲ, ಒಮ್ಮೆಯೂ ನಗಲಿಲ್ಲ. ನಾಲ್ಕು ಸೊನ್ನೆ ಆದಾಗ ತಹಸೀಲ್ದಾರರೂ ಸರ್ಕಾರಿ ಆಸ್ಪತ್ರೆಯ ಡಾಕ್ಟರೂ ಬಂದು ಬೆಂಚಿನ ಮೇಲೆ ಕೂತರು. ಆರು ಒಂದಕ್ಕೆ ಸೆಟ್ಟು ಮುಗಿಯಿತು. ಆ ಒಂದು ಗೇಮು ಕೂಡ ಅವನೇ ಬಿಟ್ಟುಕೊಟ್ಟದ್ದು ಎಂದು ನಾಗಲಿಂಗಯ್ಯನಿಗೆ ಆವತ್ತೇ ಗೊತ್ತಿತ್ತು. ಬೆಂಚಿನ ಮೇಲಿದ್ದವರು ನಕ್ಕರು. ಏನ್ರೀ ಸೆಕ್ರೆಟರಿ, ಇಪ್ಪತ್ತು ವರ್ಷ ನೀವು ಗೆದ್ದಿದ್ದೆಲ್ಲ ಹೀಗೇನಾ ಅಂದರು.

ಹನ್ನೆರಡು ಗಂಟೆಗೆ ನಾಗಲಿಂಗಯ್ಯ ಆಫೀಸಿನ ಕೋಣೆಯಲ್ಲಿ ಕೂತು ಆದೇಶ ಬರೆದ. ಮಾರ್ಕರ್ ಇಂದಿನಿಂದ ರ‍್ಯಾಕೆಟ್ ಹಿಡಿಯತಕ್ಕದ್ದಲ್ಲ, ನೆಲದ ಕೆಲಸ ಮಾತ್ರ ಮಾಡತಕ್ಕದ್ದು. ಕೆಳಗೆ ತನ್ನ ಸಹಿ, ಕ್ಲಬ್ಬಿನ ಮೊಹರು. ಚಿಕ್ಕನರಸಯ್ಯ ಓದಿ, ಪಕ್ಕದಲ್ಲಿ ತನ್ನ ಹೆಸರು ಬರೆದ. ಯಾಕೆ ಎಂದು ಕೇಳಲಿಲ್ಲ. ರ‍್ಯಾಕೆಟ್ಟಿಗೆ ಗಟ್ಟಿನ ತಂತಿ ಬಿಗಿಯುವ ಕೆಲಸ ನಾನೇ ಮಾಡಲೇ ಎಂದು ಮಾತ್ರ ಕೇಳಿದ. ಮಾಡು ಎಂದ ನಾಗಲಿಂಗಯ್ಯ. ಆಮೇಲೆ ಇಪ್ಪತ್ತೆಂಟು ವರ್ಷ ಅವನು ಇನ್ನೊಬ್ಬರ ರ‍್ಯಾಕೆಟ್ಟು ಬಿಗಿದುಕೊಟ್ಟ. ಬಿಗಿದ ಮೇಲೆ ಹೆಬ್ಬೆರಳಿನಿಂದ ಮೀಟಿ, ಕಿವಿಗೆ ಹಿಡಿದು ಕೇಳಿ, ಕೈ ಬಿಡುತ್ತಿದ್ದ. ಎಷ್ಟೋ ಸಲ ನಾಗಲಿಂಗಯ್ಯ ಅದನ್ನು ನೋಡಿಯೂ ನೋಡದವನ ಹಾಗೆ ಇಸ್ಪೀಟು ಕೋಣೆಗೆ ಹೋಗಿದ್ದಾನೆ. ಆ ಆದೇಶವನ್ನು ಹರಿದುಹಾಕಲು ಒಂದು ನಿಮಿಷ ಸಾಕಿತ್ತು. ಇವತ್ತು ಹರಿದರಾಯಿತು, ನಾಳೆ ಹರಿದರಾಯಿತು ಎಂದು ಇಷ್ಟು ವರ್ಷ ಕಳೆದೆ ಅಂದ. ಹೇಳುತ್ತ ಹೇಳುತ್ತ ಅವನ ಮುಷ್ಟಿಯಿಂದ ಮಣ್ಣು ಉದುರಿಹೋಗಿತ್ತು.

ಸಹನಾಳ ಮುಖ ಅರಳಿತು. ಅಷ್ಟು ಹೊತ್ತಿನ ದುಃಖದ ನಡುವೆ ಅವಳಿಗೆ ಖುಷಿಯಾಗಿತ್ತು, ನಾಚಿಕೆ ಪಡದೆ ಖುಷಿಯಾಗಿತ್ತು. ಆರು ಒಂದು. ಈ ಮುದುಕನ ಮೇಲೆ ಆಮೇಲೆ ಸಿಟ್ಟು ಮಾಡೋಣ, ಈಗ ಇದೊಂದು ಸಾಕು ಅನ್ನಿಸಿತು.

ನಾಗಲಿಂಗಯ್ಯ ಇನ್ನೂ ಮುಗಿಸಿರಲಿಲ್ಲ.

"ಅವ್ನು ಯಾಕೆ ಹಂಗೆ ಆಡ್ದ ಅಂತ ಇವತ್ತಿಗೂ ನಂಗೆ ತಿಳೀಲಿಲ್ಲ ಕಣಮ್ಮ. ಕೊಬ್ಬು ಅಂದ್ಕಂಡೆ ಅವಾಗ. ಆಟಕ್ ಮುಂಚೆ ಒಂದ್ ಮಾತು ಕೇಳ್ದ. ಹತ್ ನಿಮಿಷ ನಿಂತಿರಿ ಸಾರ್, ನಮ್ ಹುಡುಗೀನ ಕರ್ಕಂಡ್ ಬತ್ತೀನಿ, ಅವ್ಳು ನೋಡ್ಬೇಕು ಅಂದ. ಓಡ್ಕೊಂಡೋದ. ಒಬ್ನೇ ಬಂದ."

ಸಹನಾ ಅವನ ಮುಖವನ್ನೇ ನೋಡಿದಳು.

"ಎಲ್ಲಯ್ಯ ಮಗಳು ಅಂದೆ. ಮಲಗವ್ಳೆ ಸಾರ್, ನಿದ್ದೆ ಕೆಡ್ಸಕ್ಕೆ ಮನಸ್ಸು ಬರ್ಲಿಲ್ಲ ಅಂದ."

ಅವಳು ನಿದ್ದೆ ಮಾಡಿರಲಿಲ್ಲ. ಅದು ಅವಳಿಗೆ ಆ ಕ್ಷಣದಲ್ಲಿ, ನಿನ್ನೆ ನಡೆದದ್ದಕ್ಕಿಂತ ಸ್ಪಷ್ಟವಾಗಿ ನೆನಪಾಯಿತು. ಬೋರ್‌ವೆಲ್ ಹತ್ತಿರ ಆ ಮಾತು ಅಂದ ಮಾರನೆಯ ಬೆಳಗ್ಗೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದ, ಓಡಿ ಬಂದವನ ಏದುಸಿರು ಕೇಳುತ್ತಿತ್ತು, ಒದ್ದೆ ಮಣ್ಣಿನ ವಾಸನೆ ಒಳಗೆ ಬಂದಿತ್ತು. ಅಮ್ಮಯ್ಯ, ಏಳವ್ವ, ಒಂದ್ ಗಳಿಗೆ ಬಂದೋಗು ಅಂದಿದ್ದ. ರಾಜಿ ಮಾಡಿಕೊಳ್ಳಲು ಬಂದಿದ್ದಾನೆ ಎಂದು ಅವಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ನಿದ್ದೆಯವಳ ಹಾಗೆ ಉಸಿರು ಬಿಟ್ಟಿದ್ದಳು. ಅವನು ಇನ್ನೂ ಎರಡು ಸಲ ಕರೆದ. ಆಮೇಲೆ ಒಳಗೆ ಬಂದು, ಕಂಬಳಿಯಿಂದ ಹೊರಗಿದ್ದ ಅವಳ ಕಾಲಿನ ಮೇಲೆ ಹೊದಿಕೆ ಸರಿಮಾಡಿ ಹೋದ. ಹೆಜ್ಜೆ ಸದ್ದು ಬೋರ್‌ವೆಲ್ ದಾಟುವವರೆಗೂ ಅವಳು ಅಲ್ಲಾಡದೆ ಬಿದ್ದುಕೊಂಡಿದ್ದಳು. ಗೆದ್ದೆ ಅಂದುಕೊಂಡಿದ್ದಳು.

ಸಂಜೆ ಬಂದವನು ಮಂಡಿ ನೋವು ಅಂದಿದ್ದ. ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಅವಳು ಕೇಳುತ್ತಿದ್ದಳೋ ಇಲ್ಲವೋ. ಮಾರನೆಯ ದಿನದಿಂದ ಅವಳ ಮುಖವನ್ನೇ ಆಗಾಗ ನೋಡುತ್ತ ಕೂರುತ್ತಿದ್ದ. ಆಗಲೂ ಅವಳು ಮುಖ ತಿರುಗಿಸಿಕೊಂಡು ಎದ್ದುಹೋಗುತ್ತಿದ್ದಳು. ಇಪ್ಪತ್ತೆಂಟು ವರ್ಷ ಅವಳು ತಪ್ಪು ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡು ಬದುಕಿದ್ದಳು.

ಯಾಕೆ ಹಾಗೆ ಆಡಿದ ಎಂಬುದು ಅಲ್ಲಿ ಸಹನಾಳಿಗೊಬ್ಬಳಿಗೇ ಗೊತ್ತಿತ್ತು. ಅವಳು ಹೇಳಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾಗಲಿಂಗಯ್ಯ ಮತ್ತೆ ಬಗ್ಗಿ ಮಣ್ಣು ತೆಗೆದುಕೊಂಡು, ಗುಂಡಿಯ ಅಂಚಿನಲ್ಲಿ ಕೂತು, ಎಸೆಯದೆ ಕೈ ಇಳಿಬಿಟ್ಟು ಹಾಕಿದ. ಅವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

*

ಮಣ್ಣು ಮುಚ್ಚಿ, ಮೇಲೆ ಮುಳ್ಳು ಹಾಕಿ, ಕಲ್ಲಿಟ್ಟರು. ಅಂಬರೀಶ್ ನೀರಿನ ಮಡಕೆ ಹೊತ್ತು ಮೂರು ಸುತ್ತು ಬಂದು ಹಿಂದಕ್ಕೆ ಒಡೆದ. ಇನ್ನು ಹೊರಡಿ, ಯಾರೂ ತಿರುಗಿ ನೋಡಬಾರದು ಎಂದು ದೊಡ್ಡಪ್ಪ ಕೂಗಿದ. ತಿರುಗಿ ನೋಡಿದರೆ ಸತ್ತವನು ಹಿಂದೆಯೇ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತು. ಜನ ತಲೆ ತಗ್ಗಿಸಿ, ಕಾಲು ಎಳೆದುಕೊಂಡು, ಒಬ್ಬರ ಬೆನ್ನು ಒಬ್ಬರು ನೋಡುತ್ತ ನಡೆದರು. ನಾಗಲಿಂಗಯ್ಯ ಯಾರದೋ ಹೆಗಲು ಹಿಡಿದು ನಡೆದ.

ಸ್ಮಶಾನದ ಬೇಲಿ ದಾಟುವಾಗ ದಾಸಮ್ಮನಿಗೆ ಪಕ್ಕದಲ್ಲಿ ಮಗಳಿಲ್ಲ ಅನ್ನಿಸಿತು. ಅಂಬರೀಶನನ್ನು ಕೇಳಿದಳು, ಅವನಿಗೂ ಗೊತ್ತಿರಲಿಲ್ಲ. ನೋಡಬೇಡ ಎಂದು ಹೆಂಗಸರು ತಡೆದರೂ ಅವಳು ನಿಂತು ತಿರುಗಿದಳು.

ಸಹನಾ ಸಮಾಧಿಗೆ ಎದುರಾಗಿ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿಕೊಂಡು ಕೂತಿದ್ದಳು. ಅವಳ ತಲೆ ಅತ್ತಿತ್ತ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡು ದಾಸಮ್ಮ ಬಂದ ದಾರಿಯಲ್ಲೇ ವಾಪಸ್ಸು ನಡೆದಳು. ಹತ್ತಿರ ಹೋಗಿ ನೋಡಿದರೆ ಕಣ್ಣಲ್ಲಿ ನೀರಿರಲಿಲ್ಲ. ಏಳವ್ವ, ಇಲ್ಲಿ ಹೀಗೆ ಕೂರಬಾರದು ಎಂದು ಭುಜ ಮುಟ್ಟಿದಳು.

"ಸುಮ್ಕಿರವ್ವ" ಅಂದಳು ಸಹನಾ, ಕಣ್ಣು ಕೀಳದೆ. "ಆಟ ಇನ್ನೂ ಮುಗ್ದಿಲ್ಲ."

ಮುಂದೆ ಬರೀ ಬಯಲು. ಬೆಟ್ಟದ ನೆರಳು ಅರ್ಧ ಬಯಲನ್ನು ಮುಚ್ಚಿತ್ತು. ಸಹನಾಳ ತಲೆ ಮೆಲ್ಲಗೆ ಎಡಕ್ಕೆ ತಿರುಗಿತು, ಅಲ್ಲಿ ಒಂದು ಗಳಿಗೆ ನಿಂತಿತು, ಬಲಕ್ಕೆ ತಿರುಗಿತು, ಮತ್ತೆ ಎಡಕ್ಕೆ.